ಬಟನ್ ಬಿಟ್ಟ ಮೇಲೂ ಇಳಿದ ಲಿಫ್ಟು

ದಾನೇಶ್ವರಿಗೆ ಮೂವತ್ತೇಳು ತುಂಬಿ ಎರಡು ತಿಂಗಳಾಗಿದ್ದವು. ಜಮಖಂಡಿಯಲ್ಲಿ ಮುಧೋಳ ರಸ್ತೆಗೆ ಮುಖ ಮಾಡಿ ನಿಂತ ಮೂರಂತಸ್ತಿನ ಕಟ್ಟಡವೊಂದರ ಹಿಂಭಾಗದಲ್ಲಿ ಕಾರುಗಳನ್ನು ಎತ್ತಿ ಇಳಿಸುವುದು ಅವಳ ಕೆಲಸ. ಆ ಕಟ್ಟಡದ ತುಂಬ ಡಾಕ್ಟರರ ಕೋಣೆಗಳು, ಎಕ್ಸ್‌ರೇ ಕೇಂದ್ರ, ಔಷಧದ ಅಂಗಡಿ. ಬರುವ ಕಾರುಗಳು ಹೆಚ್ಚು, ನಿಲ್ಲಿಸುವ ಜಾಗ ಒಂದು ಅಂಗಳದಷ್ಟು. ಅದಕ್ಕೇ ಮಾಲೀಕ ನಂದಕಿಶೋರ ಎಂಟು ಹೈಡ್ರಾಲಿಕ್ ಲಿಫ್ಟುಗಳನ್ನು ಸಾಲಾಗಿ ಹಾಕಿಸಿದ್ದ. ಒಂದು ಕಾರು ಕಬ್ಬಿಣದ ಹಲಗೆಯ ಮೇಲೆ ನಿಂತು ಆಳೆತ್ತರಕ್ಕಿಂತ ಮೇಲಕ್ಕೆ ಹೋಗುತ್ತಿತ್ತು. ಅದರ ಕೆಳಗೆ ಇನ್ನೊಂದು ಕಾರು. ಮೊದಮೊದಲು ಜನ ಕಾರನ್ನು ಮೇಲೆ ಬಿಟ್ಟು ಒಳಗೆ ಹೋಗಲು ಹೆದರಿ, ಕತ್ತೆತ್ತಿ ನೋಡುತ್ತ ನಿಂತುಬಿಡುತ್ತಿದ್ದರು. "ಬೀಳೂದಿಲ್ಲರೀ, ಹೋಗಿ ಬರ್ರಿ," ಎಂದು ದಾನೇಶ್ವರಿ ದಿನಕ್ಕೆ ಹತ್ತು ಸಲ ಹೇಳಬೇಕಾಗುತ್ತಿತ್ತು. ನಾಲ್ಕು ವರ್ಷಗಳಲ್ಲಿ ಆ ಮಾತು ಬಾಯಿಗೆ ಎಷ್ಟು ರೂಢಿಯಾಯಿತೆಂದರೆ, ಅದು ನಿಜವೋ ಅಲ್ಲವೋ ಎಂದು ಯೋಚಿಸುವುದನ್ನೇ ಅವಳು ಬಿಟ್ಟಿದ್ದಳು.

ಅವಳು ಹುಟ್ಟಿದ್ದು ರಬಕವಿಯಲ್ಲಿ, ನಡುಮನೆಯಲ್ಲೇ ಎರಡು ಪವರ್‌ಲೂಮ್ ಇದ್ದ ಮನೆಯಲ್ಲಿ. ಅಪ್ಪ ಶಿದ್ರಾಮಪ್ಪನಿಗೆ ಸೀರೆ ನೇಯುವುದು ಬರುತ್ತಿತ್ತೇ ಹೊರತು ಮೋಟಾರಿನ ಸಹವಾಸ ಆಗಿಬರುತ್ತಿರಲಿಲ್ಲ. ಮಗ್ಗ ನಿಂತರೆ ಬನಹಟ್ಟಿಯಿಂದ ಮೆಕ್ಯಾನಿಕ್ ಬರಬೇಕು, ಅವನು ಬರುವುದು ಮರುದಿನ. ಹಾಗೆ ಬಂದವನು ಸ್ಟಾರ್ಟರ್ ಪೆಟ್ಟಿಗೆಯ ಮುಚ್ಚಳ ತೆಗೆದಾಗಲೆಲ್ಲ ದಾನೇಶ್ವರಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದಳು. ಹಸಿರು ಬಟನ್ ಒತ್ತಿದರೆ ಮೋಟಾರು ನೇರವಾಗಿ ತಿರುಗುವುದಿಲ್ಲ, ಒಳಗೊಂದು ಸಣ್ಣ ಕಾಯಿಲ್‌ಗೆ ಕರೆಂಟು ಹೋಗಿ, ಅದು ಟಪ್ಪೆಂದು ಎಳೆದುಕೊಂಡಾಗ ಮಾತ್ರ ದೊಡ್ಡ ಕರೆಂಟು ಹರಿಯುತ್ತದೆ ಎಂದು ತಿಳಿದ ದಿನ ಅವಳಿಗೆ ಖುಷಿಯಲ್ಲಿ ಊಟವೇ ಸೇರಿರಲಿಲ್ಲ. ಒಂಬತ್ತನೆಯ ತರಗತಿಯಲ್ಲಿದ್ದಾಗ ಮೆಕ್ಯಾನಿಕ್ ಬರುವ ಮುಂಚೆಯೇ ಸ್ಟಾರ್ಟರ್ ತಾನೇ ಸರಿಮಾಡಿದಳು. ಅಪ್ಪ ಬೈಯಲಿಲ್ಲ. ಐಟಿಐಗೆ ಸೇರಿಸಿದ.

ಎರಡು ವರ್ಷಕ್ಕೆ ಚಿಕ್ಕವನಾದ ತಮ್ಮ ಸೋಮಲಿಂಗ ಅಕ್ಕನ ಪುಸ್ತಕಗಳನ್ನೇ ಓದಿ ಅದೇ ಎಲೆಕ್ಟ್ರಿಶಿಯನ್ ಕೋರ್ಸು ಮುಗಿಸಿದ. ತಂತಿಯ ತುದಿಯ ಸಿಪ್ಪೆ ಸುಲಿದು, ಬಲಕ್ಕೆ ಕೊಂಡಿಯಂತೆ ಬಾಗಿಸಿ, ಸ್ಕ್ರೂ ಬಿಗಿದಷ್ಟೂ ಕೊಂಡಿ ಬಿಗಿಯಾಗುವ ಹಾಗೆ ಕೂರಿಸುವುದನ್ನು ಅವನ ಕೈ ಹಿಡಿದು ಕಲಿಸಿದವಳು ಅವಳೇ. ಮದುವೆಯಾದ ಮೇಲೆ ಬನಹಟ್ಟಿಯ ಅಂಗಡಿಯೊಂದರಲ್ಲಿ ಆರು ವರ್ಷ ಮೋಟಾರು ವೈಂಡಿಂಗ್ ಮಾಡಿದಳು. ಅಷ್ಟರಲ್ಲಿ ಸೋಮಲಿಂಗ ಲಿಫ್ಟು ಕೂರಿಸುವ ಗುತ್ತಿಗೆದಾರನೊಬ್ಬನ ಕೈಕೆಳಗೆ ಸೇರಿ, ಜಮಖಂಡಿ, ಮುಧೋಳ, ಬೀಳಗಿ ಸುತ್ತಿ ರಿಪೇರಿ ನೋಡಿಕೊಳ್ಳುವವನಾಗಿದ್ದ. ಈ ಕೆಲಸ ಕೊಡಿಸಿದವನೂ ಅವನೇ. "ಅಕ್ಕಾ, ಬಟನ್ ಒತ್ತಾವ್ರು ಬೇಕಾದಷ್ಟ ಮಂದಿ ಸಿಗ್ತಾರ. ಪೆಟಿಗಿ ಒಳಗ ಏನೈತಿ ಅಂತ ತಿಳದಾವ್ರು ಸಿಗೂದಿಲ್ಲ," ಎಂದು ನಂದಕಿಶೋರನ ಎದುರೇ ಹೇಳಿದ್ದ. ಆ ಮಾತಿನ ಹೆಮ್ಮೆ ಅವಳಲ್ಲಿ ಬಹಳ ದಿನ ಉಳಿದಿತ್ತು.

ಆ ಗುರುವಾರ ಬೆಳಿಗ್ಗೆ ಹನ್ನೊಂದರ ಹೊತ್ತು. ಕಬ್ಬಿನ ಹಂಗಾಮು ಜೋರಾಗಿತ್ತು. ರಸ್ತೆಯಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹೋಗುತ್ತಿದ್ದವು. ರವದಿಯ, ಅಂದರೆ ಕಬ್ಬಿನ ಒಣಗರಿಯ, ಚೂರುಗಳು ಗಾಳಿಗೆ ಹಾರಿ ಹಿಂದಿನ ಅಂಗಳದವರೆಗೂ ಬಂದು ಬೀಳುತ್ತಿದ್ದವು. ತಾಲೂಕು ಕಚೇರಿಯಿಂದ ನಿವೃತ್ತರಾಗಿದ್ದ ಪಾಂಡುರಂಗರಾಯರು ಹೆಂಡತಿ ವತ್ಸಲಾಬಾಯಿಯ ಮೊಣಕಾಲಿನ ಎಕ್ಸ್‌ರೇ ತೆಗೆಸಿಕೊಂಡು ಹೊರಬಂದರು. ಅವರ ಕಾರು ಮೂರನೆಯ ಲಿಫ್ಟಿನ ಮೇಲಿತ್ತು, ಕೆಳಗಿನ ಜಾಗ ಖಾಲಿ ಇತ್ತು.

ದಾನೇಶ್ವರಿ ರೂಢಿಯಂತೆ ಲಿಫ್ಟಿನ ಸುತ್ತ ಒಮ್ಮೆ ತಿರುಗಿ ಬಂದಳು. ಯಾರೂ ಇರಲಿಲ್ಲ. ಕಂಬಕ್ಕೆ ಕೂರಿಸಿದ್ದ ಪ್ಯಾನೆಲ್‌ನಲ್ಲಿ ಬೀಗದ ಕೈ ತಿರುಗಿಸಿ, ಕೆಳಗಿಳಿಸುವ ಬಟನ್ ಮೇಲೆ ಹೆಬ್ಬೆರಳಿಟ್ಟು ಒತ್ತಿ ಹಿಡಿದಳು. ಹಲಗೆ ಇಳಿಯತೊಡಗಿತು. ಮೇಲಿನ ಕಾರು ಅಲುಗಾಡುತ್ತಿದೆಯೇ ಎಂದು ಅವಳ ಕಣ್ಣು ಮೇಲಿತ್ತು. ರಾಯರು ಬೆನ್ನು ತಿರುಗಿಸಿ ಫೋನಿನಲ್ಲಿ ಮಾತಾಡುತ್ತಿದ್ದರು. ಅದೇ ಗಳಿಗೆಯಲ್ಲಿ ಗಾಳಿಗೆ ವತ್ಸಲಾಬಾಯಿಯ ಕೈಯಲ್ಲಿದ್ದ ಎಕ್ಸ್‌ರೇ ಲಕೋಟೆ ಹಾರಿ, ನೆಲಕ್ಕೆ ಬಡಿದು, ಜಾರುತ್ತ ಹಲಗೆಯ ಕೆಳಗೆ ಹೋಯಿತು. ಅವರು ಅದರ ಹಿಂದೆಯೇ ಹೋಗಿ, ನೋಯುವ ಕಾಲನ್ನು ಪಕ್ಕಕ್ಕೆ ಚಾಚಿ, ಬಗ್ಗಿ ಕೂತರು. ಲಿಫ್ಟಿಗೆ ಅವರ ಬೆನ್ನಿತ್ತು.

ಹಸಿರು ಸೀರೆಯ ಅಂಚು ಕಣ್ಣಿಗೆ ಬಿದ್ದದ್ದೇ ದಾನೇಶ್ವರಿ ಬಟನ್ ಬಿಟ್ಟಳು.

ಲಿಫ್ಟು ನಿಲ್ಲಲಿಲ್ಲ.

ಅವಳು ಮೊದಲು ನೋಡಿದ್ದು ಲಿಫ್ಟನ್ನಲ್ಲ, ತನ್ನ ಹೆಬ್ಬೆರಳನ್ನು. ಬಿಟ್ಟಿದ್ದೇನೆ ಎಂದುಕೊಂಡು ಇನ್ನೂ ಒತ್ತಿ ಹಿಡಿದಿದ್ದೇನೋ ಏನೋ! ಬೆರಳು ಗಾಳಿಯಲ್ಲಿತ್ತು. ಬಟನ್ ತನ್ನಷ್ಟಕ್ಕೆ ಹೊರಗೆ ಬಂದಿತ್ತು. ಹಲಗೆ ಮಾತ್ರ ಅದೇ ವೇಗದಲ್ಲಿ, ಅವಸರವಿಲ್ಲದೆ, ಎರಡು ಕಂಬಗಳ ನಡುವೆ ಇಳಿಯುತ್ತಲೇ ಇತ್ತು. ನಾಲ್ಕು ವರ್ಷಗಳಲ್ಲಿ ಹೀಗಾಗಿರಲಿಲ್ಲ. ಹೀಗಾಗಲು ಸಾಧ್ಯವೇ ಇಲ್ಲವೆಂದು ಅವಳು ತಿಳಿದಿದ್ದಳು. "ಬಾಯಾರ!" ಎಂದು ಕೂಗಿದ್ದು ಟ್ರ್ಯಾಕ್ಟರಿನ ಸದ್ದಿನಲ್ಲಿ ಮುಳುಗಿತು. ಎರಡನೆಯ ಸಲ ಏನು ಕೂಗಿದಳೋ ಅವಳಿಗೇ ಗೊತ್ತಿಲ್ಲ. ಅಂಗೈ ಪೂರ್ತಿ ಬಿಚ್ಚಿ ಅಣಬೆಯಾಕಾರದ ಕೆಂಪು ಬಟನ್ನಿಗೆ ಹೊಡೆದಳು.

ಖಣ್ಣೆಂದು ಸದ್ದಾಯಿತು. ಎರಡೂ ಕಂಬ ಅದುರಿದವು. ಹಲಗೆ ನಿಂತಿತು.

ವತ್ಸಲಾಬಾಯಿಯ ಬೆನ್ನಿಗೂ ಕಬ್ಬಿಣಕ್ಕೂ ನಡುವೆ ಒಂದು ಗೇಣು ಉಳಿದಿತ್ತು. ಅವರಿಗೆ ಏನೂ ತಿಳಿದಿರಲಿಲ್ಲ. ಲಕೋಟೆ ಸಿಕ್ಕಿತೆಂದು ಎದ್ದು ನಿಲ್ಲಲು ಹೋಗಿ ತಲೆ ಬಡಿದುಕೊಂಡರು. "ಅಯ್ಯ, ಇದೇನಿದು," ಎಂದು ತಲೆ ಮುಟ್ಟಿಕೊಂಡು ಮೇಲೆ ನೋಡಿದರು.  ಕೈ, ಮೊಣಕಾಲು ಊರಿ ತೆವಳುತ್ತ ಹೊರಬಂದು ನೆಲದ ಮೇಲೆ ಕೂತುಬಿಟ್ಟರು. ರಾಯರ ಕೈಯಲ್ಲಿದ್ದ ಫೋನಿನಲ್ಲಿ ಆ ಕಡೆಯವರು "ಹಲೋ, ಹಲೋ" ಎನ್ನುತ್ತಲೇ ಇದ್ದರು.

ಅವರನ್ನು ಒಳಗೆ ಕಳಿಸಿ, ಡಾಕ್ಟರರು ನೋಡಿ ತಲೆಯ ಬುಗುಟೊಂದನ್ನು ಬಿಟ್ಟರೆ ಏನೂ ಆಗಿಲ್ಲ ಎಂದ ಮೇಲೆ ದಾನೇಶ್ವರಿ ಹಿಂದಕ್ಕೆ ಬಂದಳು. ಮೂರನೆಯ ಪ್ಯಾನೆಲ್‌ನ ಬಾಗಿಲು ತೆರೆದಳು.  ನಕ್ಷೆಯಲ್ಲಿ ಇರಬಾರದ ಎರಡು ತುಂಡು ತಂತಿಗಳು ಒಳಗಿದ್ದವು. ಕೆಳಗೆ ಯಾರಾದರೂ ಬಂದರೆ ಲಿಫ್ಟು ನಿಲ್ಲಿಸುವ ಸೆನ್ಸರ್ ಕಣ್ಣಿಗೆ ಒಂದು ಕೆಂಪು, ಹಲಗೆಯನ್ನು ಹಿಡಿದು ನಿಲ್ಲಿಸುವ ಲಾಕಿಗೆ ಒಂದು ನೀಲಿ. ನಾಲ್ಕೂ ತುದಿಗಳು ಬಲಕ್ಕೆ ಕೊಂಡಿಯಂತೆ ಬಾಗಿ, ಸ್ಕ್ರೂ ಕೆಳಗೆ ಅಚ್ಚುಕಟ್ಟಾಗಿ ಕೂತಿದ್ದವು.

 ಆ ಕೊಂಡಿಗಳನ್ನು ಯಾರು ಮಾಡಿದ್ದಾರೆಂದು ಹೇಳಲು ಯಾರ ಸಾಕ್ಷಿಯೂ ಬೇಕಿರಲಿಲ್ಲ.

ಸೋಮಲಿಂಗ ಬೀಳಗಿಯಲ್ಲಿದ್ದ. ಫೋನಿನಲ್ಲಿ ಅವಳು ಇಷ್ಟೇ ಹೇಳಿದಳು: "ಸೋಮ್ಯಾ, ಮೂರನೇದರಾಗ ಎರಡ ವಾಯರ್ ಅದಾವ."

 "ಯಾರಿಗರ ಏನರ ಆತೇನ?" ಎಂದು ಆ ಕಡೆಯಿಂದ ಅವನು ಕೇಳಿದ.

ಯಾವ ತಂತಿ, ಎಲ್ಲಿಯ ತಂತಿ ಎಂದು ಅವನು ಕೇಳಲಿಲ್ಲ. ಅದೇ ಅವಳಿಗೆ ಎರಡನೆಯ ಪೆಟ್ಟಾಯಿತು.

ಒಂದೂವರೆಗೆ ಬೈಕಿನಲ್ಲಿ ಬಂದಿಳಿದ. ತೆರೆದ ಪ್ಯಾನೆಲ್ ನೋಡಿದ, ಅರ್ಧಕ್ಕೆ ನಿಂತ ಹಲಗೆ ನೋಡಿದ, ಗೇಣಿನಷ್ಟು ಜಾಗ ತೋರಿಸುತ್ತಿದ್ದ ಅಕ್ಕನ ಕೈ ನೋಡಿದ. 

"ಯಾಕ ಹಚ್ಚಿದಿಲೇ ಇವನ್ನ?"

"ಒಂದ್ ಕಡೀ ಲಾಕ್ ತಡಾ ಬಿಡತಿತ್ತು, ಹಲಗಿ ವಾರಿ ಆಗಿ, ಸೊಟ್ಟ ಇಳದು ಸಿಗಬೀಳತಿತ್ತು. ಹೊಸಾ ಕಾಯಿಲ್ ಬರೂತನಕ ಅಂತ ಹಚ್ಚಿದ್ದೆ."

"ಮತ್ತ ಕೆಂಪ ವಾಯರ್? ಕಣ್ಣಿಂದು?"

ಸೋಮಲಿಂಗ ಅವಳನ್ನೇ ದಿಟ್ಟಿಸಿದ. "ಅದನ್ನ ನೀನ ಹೇಳಿದ್ದೆಲ್ಲ, ಅಕ್ಕಾ."

"ನಾನ? ನಾ ಯಾವಾಗ ಹೇಳೀನಿ?"

ಅವನು ಫೋನು ತೆಗೆದು, ಹುಡುಕಿ, ಆರು ವಾರದ ಹಿಂದೆ ಅವಳೇ ಕಳಿಸಿದ್ದ ಧ್ವನಿ ಸಂದೇಶ ಹಚ್ಚಿದ. ಹಿನ್ನೆಲೆಯಲ್ಲಿ ಹಾರ್ನುಗಳು ಬಡಿದುಕೊಳ್ಳುತ್ತಿದ್ದವು. ಅವುಗಳ ಮೇಲೆ ಅವಳ ದನಿ, ಸಿಟ್ಟಿನಲ್ಲಿ: "ಸೋಮ್ಯಾ, ಈ ಕಣ್ಣಿನ ಕಾಟ ಸಾಕಾಗೇತಿ ನನಗ. ರವದಿ ಚೂರ ಹಾರಿದ್ರೂ ಲಿಫ್ಟ ನಿಲ್ಲತೈತಿ. ಮಂದಿ ಹಾರ್ನ್ ಹೊಡದ ತಲಿ ಚಿಟ್ ಹಿಡಿಸ್ಯಾರ. ಏನರ ಮಾಡು, ಒಟ್ಟ ನಿಲ್ಲದಂಗ ಮಾಡು."

ಒಟ್ಟ ನಿಲ್ಲದಂಗ ಮಾಡು. ತನ್ನದೇ ದನಿಯಲ್ಲಿದ್ದ ಆ ಮಾತನ್ನು ದಾನೇಶ್ವರಿ ಇನ್ನೊಮ್ಮೆ ಹಚ್ಚಿಸಿ ಕೇಳಿದಳು. ಹಾಗೆ ಹೇಳಿದ ನೆನಪು ಅವಳಿಗೆ ಒಂದಿಷ್ಟೂ ಇರಲಿಲ್ಲ. ಈಗ ಒಂದೊಂದೇ ನೆನಪಾಗತೊಡಗಿದವು. ಸೋಮಲಿಂಗ ಬಂದು ಹೋದ ಮೇಲೆ ಮೂರನೆಯದು ಒಮ್ಮೆಯೂ ನಡುವೆ ನಿಂತಿರಲಿಲ್ಲ. ಛಲೋ ಆತು ಎಂದುಕೊಂಡಿದ್ದಳು. ಮೇಲೇರುವಾಗ ಕಂಬದ ಹಲ್ಲುಗಳ ಮೇಲೆ ಲಾಕು ಟಕ್ ಟಕ್ ಎಂದು ಬೀಳುವ ಸದ್ದು ಮೂರನೆಯದರಲ್ಲಿ ಕೇಳುತ್ತಿರಲಿಲ್ಲ; ಗ್ರೀಸ್ ಹಾಕಿದ್ದಾನೆ ಎಂದುಕೊಂಡಿದ್ದಳು. ಹೋದ ಸೋಮವಾರ ಬೆಳಿಗ್ಗೆ ಅದರ ಹಲಗೆ ಉಳಿದವುಗಳಿಗಿಂತ ನಾಲ್ಕು ಬೆರಳು ಕೆಳಗಿತ್ತು. ಅದನ್ನೂ ನೋಡಿದ್ದಳು. ನೋಡಿ ಚಹಾ ಕುಡಿಯಲು ಹೋಗಿದ್ದಳು.

ನಂದಕಿಶೋರ ಮೂರಕ್ಕೆ ಬಂದ. ಕೆಟ್ಟ ಮನುಷ್ಯನಲ್ಲ, ಗದ್ದಲಕ್ಕೆ ಹೆದರುವವನು. ಎಲ್ಲ ಕೇಳಿಕೊಂಡು ದನಿ ತಗ್ಗಿಸಿದ. "ಬಾಯಾರಿಗೆ ಏನೂ ಆಗಿಲ್ಲ, ದೇವರು ದೊಡ್ಡಾಂವ. ನೀ ಲಕ್ಷ್ಯ ಇಲ್ಲದ ಬಟನ್ ಒತ್ತಿದಿ ಅಂತ ಒಂದ್ ಚೀಟಿ ಬರದು ಕೊಡು. ಸೋಮಲಿಂಗ ಆ ವಾಯರ್ ತಗದು ಒಗೀಲಿ. ಸಂಜೀಗೆ ಲಿಫ್ಟ್ ಚಾಲೂ ಆಗ್ಲಿ. ಇಬ್ಬರದೂ ಕೆಲಸ ಉಳೀತದ."

ಸೋಮಲಿಂಗ ಸ್ಕ್ರೂಡ್ರೈವರ್ ತೆಗೆದೇಬಿಟ್ಟ. ದಾನೇಶ್ವರಿ ಅವನ ಮುಂಗೈ ಹಿಡಿದಳು.

"ವಾಯರ್ ಮುಟ್ಟಬ್ಯಾಡ. ಹಂಗ ಇರ್ಲಿ."

ಅವಳು ಉಳಿದ ಏಳು ಪ್ಯಾನೆಲ್‌ಗಳನ್ನೂ ಒಂದೊಂದಾಗಿ ತೆರೆದಳು. ಆರನೆಯದರಲ್ಲೂ ಕೆಂಪು ತಂತಿ ಇತ್ತು. ತಿರುಗಿ ತಮ್ಮನನ್ನು ನೋಡಿದಳು; ಅವನು ನೆಲ ನೋಡುತ್ತಿದ್ದ. ಎಂಟೂ ಲಿಫ್ಟುಗಳ ಮೇನ್ ಸ್ವಿಚ್ ಆರಿಸಿ, ಬೀಗದ ಕೈಗಳನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಮೇಲಿದ್ದ ಐದು ಕಾರುಗಳ ಮಾಲೀಕರಿಗೆ ಅಂದು ಏನು ಉತ್ತರ ಕೊಟ್ಟಳೋ, ಎಷ್ಟು ಬೈಗಳು ತಿಂದಳೋ, ಅದರಲ್ಲಿ ಅರ್ಧವೂ ಅವಳ ಕಿವಿಗೆ ಬೀಳಲಿಲ್ಲ. ನಂದಕಿಶೋರ ಸಿಟ್ಟಿನಿಂದ ಹೊರಟುಹೋದ. ಸೋಮಲಿಂಗ ಬೈಕು ಹತ್ತಿದ.

ಮರುದಿನ ಹತ್ತಕ್ಕೆ ಅಂಗಳದಲ್ಲಿ ಒಂದು ಆಟೋ ನಿಂತಿತು. ವತ್ಸಲಾಬಾಯಿ ಒಬ್ಬರೇ ಇಳಿದರು. ತೇರದಾಳದ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಕಲಿಸಿದವರು. ತಲೆಯ ಮೇಲಿನ ಬುಗುಟು ಹಾಗೇ ಇತ್ತು. ದಾನೇಶ್ವರಿ ಓಡಿ ಬಂದು ಪ್ಲಾಸ್ಟಿಕ್ ಕುರ್ಚಿ ಹಾಕಿದಳು. ಅವರು ಬೈದರೆ ಬೈಸಿಕೊಳ್ಳಲು ತಯಾರಾಗಿ ನಿಂತಳು.

"ನನ್ನ ಮೈಮ್ಯಾಲೆ ಏನು ಇಳೀತು ಅಂತ ನನಗ ತಿಳೀಬೇಕು," ಎಂದರು ಅವರು. "ಊಟಾ ಸೇರವಲ್ಲದು. ಕಣ್ಣು ಮುಚ್ಚಿದ್ರ ಆ ಕಬ್ಬಿಣ ಕಾಣಸ್ತದ. ಅದು ಹೆಂಗ ಕೆಲಸಾ ಮಾಡ್ತದ, ಮೊದಲಿಂದ ತೋರಿಸು."

ದಾನೇಶ್ವರಿ ತಂತಿ ಹಚ್ಚದ ಒಂದನೆಯ ಲಿಫ್ಟಿನ ಮೇನ್ ಸ್ವಿಚ್ ಹಾಕಿ, ಪ್ಯಾನೆಲ್ ತೆರೆದಳು. ಅದರ ಮೇಲೂ ಕೆಳಗೂ ಏನೂ ಇರಲಿಲ್ಲ. "ಮ್ಯಾಲ ಹೋಗೂದು ಸರಳ ಐತ್ರಿ ಬಾಯಾರ," ಎಂದು ಶುರು ಮಾಡಿದಳು. ಮೇಲಿನ ಬಟನ್ ಒತ್ತಿದಾಗ ಒಳಗಿನ ಕಾಂಟ್ಯಾಕ್ಟರ್ ಟಪ್ಪೆಂದು ಎಳೆಯಿತು, ಮೋಟಾರು ತಿರುಗಿತು. ಮೋಟಾರು ಎಣ್ಣೆಯನ್ನು ಪಂಪು ಮಾಡಿ ಸಿಲಿಂಡರಿಗೆ ತುಂಬುತ್ತದೆ, ಎಣ್ಣೆ ಒತ್ತಿದಷ್ಟೂ ಹಲಗೆ ಏಳುತ್ತದೆ ಎಂದು ತೋರಿಸಿದಳು. ಕಂಬದ ಹಲ್ಲುಗಳ ಮೇಲೆ ಲಾಕು ಟಕ್ ಟಕ್ ಎಂದು ಬಿತ್ತು. ತುದಿ ಮುಟ್ಟಿದಾಗ ಅಲ್ಲಿದ್ದ ಸಣ್ಣ ಸ್ವಿಚ್ಚು ಒತ್ತಿ ಮೋಟಾರು ತಾನೇ ನಿಂತಿತು.

"ಇಳಿಯುವಾಗ ಮೋಟರ್ ಬೇಕಾಗಿಲ್ರಿ. ಹಲಗಿ, ಕಾರಿನ ಭಾರಕ್ಕ ಅದ ಇಳೀತೈತಿ. ಎಣ್ಣಿ ತಿರಗಿ ಟ್ಯಾಂಕಿಗೆ ಹೋಗಾಕ ಒಂದ್ ವಾಲ್ವ್ ತಗೀಬೇಕು, ಅಷ್ಟ. ನಾ ಬಟನ್ ಒತ್ತಿ ಹಿಡದಾಗ ವಾಲ್ವ್ ತಗೀತೈತಿ, ಲಾಕ್ ಹಿಂದ ಸರೀತೈತಿ. ಕೈ ಬಿಟ್ರ ವಾಲ್ವ್ ಮುಚ್ಚಬೇಕು, ಲಾಕ್ ಬಂದು ಹಲ್ಲಿನ ಮ್ಯಾಲ ಕೂಡ್ರಬೇಕು. ಕೆಳಗ ಯಾರರ ಬಂದ್ರ ಈ ಕಣ್ಣು ನೋಡಿ ನಿಲ್ಲಿಸಬೇಕು."

ಮೊಣಕಾಲಿನ ಎತ್ತರದಲ್ಲಿ ಒಂದು ಕಂಬದಿಂದ ಇನ್ನೊಂದಕ್ಕೆ ಹಾಯುವ, ಕಾಣದ ಬೆಳಕಿನ ಗೆರೆಗೆ ಅವಳು ಬಟನ್ ಒತ್ತಿ ಹಿಡಿದೇ ಇನ್ನೊಂದು ಕೈ ಅಡ್ಡ ಹಿಡಿದಳು. ಇಳಿಯುತ್ತಿದ್ದ ಹಲಗೆ ತಟ್ಟನೆ ನಿಂತಿತು. ವತ್ಸಲಾಬಾಯಿ ಕುರ್ಚಿಯಿಂದ ಎದ್ದು ಬಂದು, ತಾವೂ ಕೈ ಅಡ್ಡ ಹಿಡಿದು, ತೆಗೆದು, ಮತ್ತೆ ಹಿಡಿದು ನೋಡಿದರು. 

"ಅಂದ್ರ ನಿನ್ನ ಕೈ ಹೂಂ ಅನ್ನಬೇಕು, ಕಣ್ಣು ಹೂಂ ಅನ್ನಬೇಕು. ಎರಡೂ ಹೂಂ ಅಂದ್ರ ಮಾತ್ರ ಅದು ಇಳೀಬೇಕು. ಒಂದು ಒಲ್ಲೆ ಅಂದ್ರೂ ವಾಲ್ವ್ ಮುಚ್ಚಬೇಕು, ಲಾಕ್ ಬೀಳಬೇಕು. ಹೌದಿಲ್ಲೊ?"

"ಹೌದ್ರೀ."

"ನಿನ್ನೆ ಏನಾತು?"

"ಕಣ್ಣಿಗೆ ಒಂದ್ ವಾಯರ್ ಹಚ್ಚಿದ್ರು, ಅದು ಯಾವಾಗಲೂ ಹೂಂ ಅಂತಿತ್ತು. ಲಾಕಿಗೆ ಇನ್ನೊಂದ್ ಹಚ್ಚಿದ್ರು, ಅದು ಯಾವಾಗಲೂ ಹಿಂದ ಸರದ ನಿಂತಿತ್ತು. ಉಳದದ್ದು ವಾಲ್ವ್ ಒಂದ. ಎಣ್ಣಿಯೊಳಗಿನ ಕಸಾ ಸಿಕ್ಕೊಂಡಿರಬೇಕು, ನಾ ಕೈ ಬಿಟ್ರೂ ಅದು ಮುಚ್ಚಲಿಲ್ಲ. ಕೆಂಪ ಬಟನ್ ಪೂರಾ ಕರೆಂಟ ಕಡದದ್ದಕ್ಕ ಲಾಕ್ ಬಂದ ಬಿತ್ತು. ಇಲ್ಲಂದ್ರ..."

ವತ್ಸಲಾಬಾಯಿ ಮುಂದಿನದನ್ನು ಹೇಳಿಸಲಿಲ್ಲ. "ಹಚ್ಚಿದವರು ಯಾರು?" ಎಂದರು.

 ದಾನೇಶ್ವರಿ ಯಾರೋ ಎನ್ನಬಹುದಿತ್ತು. "ನನ್ನ ತಮ್ಮರಿ," ಎಂದಳು. "ಕಣ್ಣ ಕೆಲಸಾ ಮಾಡದಂಗ ಮಾಡು ಅಂತ ಹೇಳಿದಾಕಿ ನಾನು."

ವತ್ಸಲಾಬಾಯಿ ಅವಳ ಮುಖವನ್ನೇ ನೋಡುತ್ತ ನಿಂತರು. ಬೈಗುಳಕ್ಕಿಂತ ಆ ನೋಟ ತಾಳಲಾರದ್ದಾಗಿತ್ತು. ಕೊನೆಗೆ, "ನಾ ಮನೀಗೆ ಹೋಗ್ತೀನಿ," ಎಂದಷ್ಟೇ ಹೇಳಿ ಆಟೋ ಹತ್ತಿದರು.

ಆ ಮಧ್ಯಾಹ್ನವೇ ಅವರು ತಮ್ಮ ದುಂಡನೆಯ ಅಕ್ಷರದಲ್ಲಿ ಅರ್ಜಿ ಬರೆದು, ಲಿಫ್ಟುಗಳ ತಪಾಸಣೆ ಆಗಬೇಕೆಂದು ಸರಕಾರಿ ತಪಾಸಣಾ ಕಚೇರಿಗೆ ಕೊಟ್ಟರು. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ಬುಧವಾರ ತಪಾಸಣೆಗೆ ಬಂದ ಅಧಿಕಾರಿ ಅನುರಾಧಾ ಎಂಬವರು, ವಯಸ್ಸಿನಲ್ಲಿ ದಾನೇಶ್ವರಿಗಿಂತ ಚಿಕ್ಕವರು. ಸೋಮಲಿಂಗನೂ ಕರೆಗೆ ಬಂದು ಗೇಟಿನ ಬಳಿ ನಿಂತಿದ್ದ. ವಾಲ್ವ್ ಬಿಚ್ಚಿಸಿದಾಗ ಒಳಗೆ ಅಕ್ಕಿಯ ನುಚ್ಚಿನಷ್ಟು ಹಿತ್ತಾಳೆಯ ಚೂರು ಸಿಕ್ಕಿತು. ಅನುರಾಧಾ ಅದನ್ನು ಅಂಗೈ ಮೇಲಿಟ್ಟುಕೊಂಡು, "ಇಷ್ಟಽ ನೋಡ್ರಿ," ಎಂದರು. 

ಹೇಳಿಕೆ ಬರೆಸುವಾಗ ದಾನೇಶ್ವರಿ ತನ್ನ ಧ್ವನಿ ಸಂದೇಶದಿಂದಲೇ ಶುರು ಮಾಡಿದಳು. ಕೇಳದ ಸದ್ದು, ನಾಲ್ಕು ಬೆರಳು ಇಳಿದ ಹಲಗೆ, ಯಾವುದನ್ನೂ ಬಿಡಲಿಲ್ಲ. ಬರೆದುಕೊಳ್ಳುತ್ತಿದ್ದ ಅನುರಾಧಾ ಪೆನ್ನು ನಿಲ್ಲಿಸಿ, "ಇದನ್ನೆಲ್ಲಾ ನೀವು ಹೇಳಬೇಕಂತ ಇಲ್ಲ, ಗೊತ್ತದ ಅಲ್ಲ?" ಎಂದು ಕೇಳಿದರು. "ಗೊತ್ತೈತ್ರಿ," ಎಂದಳು. ಗೇಟಿನ ಬಳಿ ನಿಂತವನು ಆಗ ಒಳಗೆ ಬಂದು, ತನ್ನ ಹೆಸರು ಬರೆದುಕೊಳ್ಳಿ ಎಂದ. ಸಂಜೆಯೊಳಗೆ ಗುತ್ತಿಗೆದಾರ ಅವನನ್ನು ಕೆಲಸದಿಂದ ತೆಗೆದ. ಎಣ್ಣೆ, ಫಿಲ್ಟರು ಬದಲಾಯಿಸಿ ಮತ್ತೆ ತೋರಿಸುವವರೆಗೆ ಎಂಟೂ ಲಿಫ್ಟುಗಳಿಗೆ ಸೀಲು ಬಿತ್ತು. ಪ್ಯಾನೆಲ್ ಬಲ್ಲವರ ಕೈಯಲ್ಲೇ ಬೀಗದ ಕೈ ಇರಬೇಕೆಂಬ ಆದೇಶ ಇದ್ದುದರಿಂದ ನಂದಕಿಶೋರ ಮುಖ ಗಂಟಿಕ್ಕಿಕೊಂಡೇ ದಾನೇಶ್ವರಿಯನ್ನು ಉಳಿಸಿಕೊಂಡ.

ಭಾನುವಾರ ಅವಳು ರಬಕವಿಗೆ ಹೋದಳು. ಮಗ್ಗಗಳು ನಿಂತಿದ್ದವು. ಅವ್ವ ಭಾಗವ್ವ ಅಕ್ಕ-ತಮ್ಮ ಇಬ್ಬರಿಗೂ ಎದುರುಬದುರು ತಾಟು ಇಟ್ಟು, ಬಿಸಿ ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು. ಸೋಮಲಿಂಗ ರೊಟ್ಟಿ ಮುರಿದು ಮುರಿದು ಗುಡ್ಡೆ ಹಾಕುತ್ತಿದ್ದ, ಬಾಯಿಗೆ ಇಡುತ್ತಿರಲಿಲ್ಲ. ಕೆಲಸ ಹೋದ ದುಃಖ ಎಂದು ದಾನೇಶ್ವರಿ ತಿಳಿದಳು.

"ಅಕ್ಕಾ," ಎಂದ, ತಲೆಯೆತ್ತದೆ. "ಬೀಳಗಿ ಕಲ್ಯಾಣ ಮಂಟಪದಾಗೂ ಎರಡ ಲಿಫ್ಟಿಗೆ ಹಂಗ ಹಚ್ಚೇನಿ. ಮುಧೋಳದಾಗ ಒಂದಕ್ಕ."

ಅವಳ ಕೈಯಲ್ಲಿದ್ದ ತುತ್ತು ತಾಟಿಗೆ ಬಿತ್ತು. "ಈಗ ಹೇಳಾಕತ್ತಿ? ಹತ್ತ ದಿನಾ ಆತಲ್ಲೋ ಸೋಮ್ಯಾ!"

"ಅಲ್ಲಿ ಎಲ್ಲಾ ಬರೋಬ್ಬರಿ ನಡದೈತಿ, ಯಾರೂ ಏನೂ ಅಂದಿಲ್ಲ. ಹೇಳಾಕ ಬಾಯಿ ಬರಲಿಲ್ಲ. ಇವತ್ತ ಅಲ್ಲಿ ಮದುವಿ ಐತಂತ."

ಇಬ್ಬರೂ ಊಟ ಬಿಟ್ಟು ಎದ್ದರು. "ಏನಾತಬೇ, ಎಲ್ಲಿಗ ಹೊಂಟ್ರಿ?" ಎಂದು ಭಾಗವ್ವ ಬಾಗಿಲವರೆಗೂ ಬಂದಳು. ಬೈಕು ಜಮಖಂಡಿ ದಾಟಿ ಬೀಳಗಿಯ ದಾರಿ ಹಿಡಿಯಿತು. ದಾನೇಶ್ವರಿ ಹಿಂದೆ ಕೂತು ಅನುರಾಧಾ ಅವರಿಗೆ ಫೋನು ಮಾಡಿದಳು. ಗಾಳಿಗೆ ಎರಡೆರಡು ಸಲ ಹೇಳಬೇಕಾಯಿತು. "ಮೊದಲ ಕರೆಂಟ್ ಬಂದ್ ಮಾಡಸ್ರಿ. ನಾ ಬರ್ತೀನಿ," ಎಂದರು ಅವರು.

ಮಂಟಪದ ಮುಂದೆ ವಾದ್ಯ ಬಾರಿಸುತ್ತಿತ್ತು. ಪಕ್ಕದ ಅಂಗಳದಲ್ಲಿ ಎರಡೂ ಲಿಫ್ಟುಗಳು ಮೇಲಿದ್ದವು. ಒಂದರ ಮೇಲೆ ಚೆಂಡು ಹೂವಿನ ಮಾಲೆ ಹಾಕಿದ ಮದುಮಗನ ಕಾರು. ಕೆಳಗೆ ನೆರಳಿತ್ತು. ಆ ನೆರಳಿನಲ್ಲಿ ಜಮಖಾನೆ ಹಾಸಿಕೊಂಡು ಐದಾರು ಹೆಂಗಸರು ಎಲೆ ಅಡಿಕೆ ಹಾಕುತ್ತ ಕೂತಿದ್ದರು. ಒಬ್ಬಾಕೆಯ ಪಕ್ಕದಲ್ಲಿ ಕೂಸು ಮಲಗಿತ್ತು.

 ಕಿರುಚಿದರೆ ಹೆದರಿ ಯಾರಾದರೂ ಕಂಬ ಹಿಡಿದಾರು, ಯಾರಾದರೂ ಬಟನ್ ಒತ್ತಿಯಾರು. ದಾನೇಶ್ವರಿ ನಡೆದೇ ಹೋಗಿ ಎರಡೂ ಪ್ಯಾನೆಲ್‌ಗಳ ಕೆಂಪು ಬಟನ್ ಒತ್ತಿದಳು. ಆಮೇಲೆ ಬಗ್ಗಿ ಕೂಸನ್ನು ಎತ್ತಿಕೊಂಡಳು. "ಏಳ್ರಿ ಯವ್ವಾ, ಎಲ್ಲಾರೂ ಹೊರಗ ಬರ್ರಿ. ಲಗೂನ ಬರ್ರಿ." ಅವಳ ಮುಖ ನೋಡಿ ಅವರು ಯಾಕೆ ಎಂದು ಕೇಳದೆ ಎದ್ದರು.

ಮಂಟಪದ ಮ್ಯಾನೇಜರ್ ಓಡಿ ಬಂದ. "ಏನ ನಡಸೀರಿ ಇಲ್ಲಿ? ಅರ್ಧಾ ತಾಸಿಗೆ ಮೆರವಣಗಿ ಐತಿ, ಕಾರ ಇಳಸಬೇಕು. ನಾಳೆ ಬಂದ ಮಾಡ್ಕೊರಿ ನಿಮ್ಮ ರಿಪೇರಿ." ಮದುಮಗನ ಕಡೆಯವರೂ ಸೇರಿ ಗದ್ದಲವಾಯಿತು. ಯಾರೋ ಸೋಮಲಿಂಗನ ಹೆಗಲು ಹಿಡಿದು ತಳ್ಳಿದರು.

ಅವನು ಪ್ಯಾನೆಲ್‌ಗೆ ಬೆನ್ನು ಕೊಟ್ಟು ನಿಂತ.  "ಇದನ್ನ ಕೆಡಿಸಿದಾವ ನಾನರಿ. ಕೆಳಗ ಮಂದಿ ಇದ್ರೂ ಇಳಿಯುವಂಗ ಮಾಡಿಟ್ಟೇನಿ. ಹೋದ ವಾರ ಒಬ್ಬಾಕಿ ತಾಯಿ ಗೇಣಿನಾಗ ಉಳದಾಳ. ನನ್ನ ಬಡೀರಿ ಬೇಕಾದ್ರ, ಬಟನ್ ಮಾತ್ರ ಒತ್ತಬ್ಯಾಡ್ರಿ."

ಗದ್ದಲ ನಿಂತಿತು. ಜಮಖಾನೆಯ ಮೇಲೆ ಕೂತಿದ್ದ ಹೆಂಗಸೊಬ್ಬಳು ತಾನು ಎದ್ದು ಬಂದ ಜಾಗವನ್ನು ನೋಡಿದಳು, ಮೇಲಿದ್ದ ಕಾರನ್ನು ನೋಡಿದಳು, ದಾನೇಶ್ವರಿಯ ತೋಳಿನಿಂದ ಕೂಸನ್ನು ಕಿತ್ತುಕೊಂಡಂತೆ ತೆಗೆದುಕೊಂಡು ಎದೆಗೆ ಅವಚಿದಳು.

ಅನುರಾಧಾ ಬರಲು ಒಂದೂವರೆ ತಾಸು ಹಿಡಿಯಿತು. ಮದುಮಗ ಯಾರದೋ ಜೀಪಿನಲ್ಲಿ ಮೆರವಣಿಗೆ ಹೋದ. ಅನುರಾಧಾ ತಂತಿಗಳ ಫೋಟೋ ತೆಗೆದುಕೊಂಡ ಮೇಲೆ, ಅವರ ಕಣ್ಣೆದುರೇ ಸೋಮಲಿಂಗ ನಾಲ್ಕು ತುಂಡು ತಂತಿಗಳನ್ನು ಬಿಚ್ಚಿ ಅಕ್ಕನ ಕೈಗೆ ಕೊಟ್ಟ. ದಾನೇಶ್ವರಿ ಅವನ್ನು ಅಧಿಕಾರಿಯ ಲಕೋಟೆಗೆ ಹಾಕಿ, ಮುಧೋಳದ ವಿಳಾಸ ಬರೆಸಿದಳು. ಮುಧೋಳದವರು ಫೋನು ಎತ್ತಿರಲಿಲ್ಲ, ಅಲ್ಲಿಯ ತಂತಿ ಇನ್ನೂ ಹಾಗೇ ಇತ್ತು; ಇಬ್ಬರೂ ಬೈಕು ಹತ್ತಿದರು. ಮುಧೋಳಕ್ಕೆ ಇನ್ನೂ ಒಂದು ತಾಸಿನ ದಾರಿ ಇತ್ತು, ಹೊತ್ತು ನಾಲ್ಕೂವರೆ ದಾಟಿತ್ತು.